ಹೊಳೆ ಕಟ್ಟಿದ ಗೂಟ

"ಬೇರೆ ಎಲ್ಲಾದ್ರೂ ಹೊಡ್ಕೊಳ್ಳಿ ಮೇಡಂ. ಆ ಗೂಟಕ್ಕೆ ಮಾತ್ರ ಮೊಳೆ ಹೊಡೀಬೇಡಿ."

ಅಡುಗೆಯಕ್ಕ ಇಷ್ಟು ಹೇಳುವಷ್ಟರಲ್ಲಿ ಅಳತೆ ಮೇಡಂ ಸುತ್ತಿಗೆ ಎತ್ತಿಯಾಗಿತ್ತು. ಸೇತುವೆ ಕೆಲಸದ ಜಾಗಕ್ಕೆ ಅವಳು ಹೊಸಬಳು. ಕೈಯಲ್ಲಿ ಸದಾ ಟೇಪು ಹಿಡಿದು ಓಡಾಡುತ್ತಿದ್ದುದರಿಂದ ಬಂದ ದಿನವೇ ಆ ಅಡ್ಡಹೆಸರು ಅಂಟಿಕೊಂಡಿತ್ತು. ಹೊಳೆ ದಡವನ್ನು ಎಷ್ಟು ಕೊರೆಯುತ್ತಿದೆ ಎಂದು ದಿನಾ ಅಳೆದು ಹೇಳುವುದು ಅವಳ ಕೆಲಸ. ಹೊಸ ಕಂಬಗಳು ನೀರಿಗೆ ಅಡ್ಡ ನಿಂತ ಮೇಲೆ ಸೆಳೆತವೆಲ್ಲ ಈಚೆ ದಡಕ್ಕೆ ತಿರುಗಿತ್ತು. ಕೆಲಸಗಾರರ ತಗಡಿನ ಶೆಡ್ಡುಗಳಿದ್ದದ್ದೂ ಈಚೆ ದಡದಲ್ಲೇ. ಹೆಂಗಸರು, ಮಕ್ಕಳು, ಹಾಸಿಗೆ ಹಿಡಿದಿದ್ದ ಅಡುಗೆಯಕ್ಕನ ಅತ್ತೆ, ಎಲ್ಲರೂ ಅಲ್ಲೇ. ದಡ ಕುಸಿಯುತ್ತದೆ ಎಂದು ಅಳತೆ ಮೇಡಂ ಹೇಳಿದರೆ ಶೆಡ್ಡುಗಳು ಗುಡ್ಡದ ಮೇಲಕ್ಕೆ ಹೋಗಬೇಕು. ಪರವಾಗಿಲ್ಲ ಎಂದರೆ ಇದ್ದಲ್ಲೇ ಇರಬೇಕು. ಅವಳ ಬಾಯಿಂದ ಬರುವ ಒಂದು ಮಾತಿನ ಮೇಲೆ ಅಷ್ಟೂ ಜನರ ಜೀವ ನಿಂತಿತ್ತು.

ಅಳೆಯಲು ಕದಲದ ಒಂದು ಜಾಗ ಬೇಕು. ಆ ಸಡಿಲ ಮಣ್ಣಿನಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಅದೊಂದೇ: ಹಿಂದೆ ದೋಣಿ ಕಟ್ಟುತ್ತಿದ್ದ, ತೊಡೆಗಾತ್ರದ ಕರಿ ಗೂಟ. ಅದರ ಕುತ್ತಿಗೆಗೆ ಕೊಳೆತ ಹಗ್ಗ, ಹಗ್ಗದ ಜೊತೆ ಹೆಣೆದ ಮನುಷ್ಯರ ಕೂದಲು. ಹತ್ತಿರ ಹೋದರೆ ಕೂದಲು ಸುಟ್ಟ ವಾಸನೆ ಮೂಗಿಗೆ ಅಡರುತ್ತಿತ್ತು. ಸುತ್ತ ಎಲ್ಲೂ ಬೆಂಕಿ ಇರಲಿಲ್ಲ.

"ಯಾಕಕ್ಕ, ಗೂಟಕ್ಕೆ ನೋವಾಗುತ್ತಾ?"

ಅಡುಗೆಯಕ್ಕ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದಳು. "ದೋಣಿಯವನು ಮಾಟ ಮಾಡಿಟ್ಟ ಗೂಟ ಇದು. ಸೇತುವೆ ಬಂದ್ರೆ ಅವನ ದೋಣಿ ಯಾರು ಹತ್ತುತ್ತಾರೆ? ದೋಣಿ ಸುಟ್ಟ. ಅದರ ಹಗ್ಗದಿಂದ ಹೊಳೇನ ತಂದು ಇದಕ್ಕೆ ಕಟ್ಟಿದ. ಆಮೇಲೆ ನೀರಿಗೆ ಇಳಿದೋನು ಮೇಲೆ ಬರ್ಲಿಲ್ಲ. ಇದು ಸುಮ್ನೆ ಮಲಗಿದೆ ಮೇಡಂ. ಯಾರು ಹೊಡೀತಾರೋ ಅವರ ಹಿಂದೆ ಇದು ಬರುತ್ತೆ. ಇದರ ಹಿಂದೆ ಹೊಳೆ ಬರುತ್ತೆ."

"ಬರ್ಲಿ ಬಿಡಿ. ಒಂದು ಲೋಟ ಟೀ ಕೊಟ್ಟು ಕಳಿಸೋಣ."

ಒಂದೇ ಏಟು. ಟೇಪಿನ ಕೊಕ್ಕೆ ಸಿಕ್ಕಿಸುವಷ್ಟು ತಲೆ ಹೊರಗುಳಿದು ಮಿಕ್ಕ ಮೊಳೆಯೆಲ್ಲ ಸಲೀಸಾಗಿ ಒಳಗೆ ಹೋಯಿತು. ಮರಕ್ಕೆ ಹೊಡೆದ ಸದ್ದಲ್ಲ ಅದು. ನೆನೆದ ಚರ್ಮಕ್ಕೆ ಹೊಡೆದ ಸದ್ದು. 'ಒಳಗೆ ಕೊಳೆತಿದೆ' ಎಂದುಕೊಂಡು ಅವಳು ಕೈ ಒರೆಸಿಕೊಂಡಳು. ಅಡುಗೆಯಕ್ಕ ಹಿಂತಿರುಗಿ ನೋಡದೆ ಬಿರಬಿರನೆ ಶೆಡ್ಡಿನ ಕಡೆ ನಡೆದಳು.

ಮರುದಿನದಿಂದ ಕೆಲಸ ಶುರುವಾಯಿತು. ಬೆಳಗಾದರೆ ಗೂಟದ ಮೊಳೆಗೆ ಕೊಕ್ಕೆ ಸಿಕ್ಕಿಸುವುದು, ಟೇಪು ಬಿಡುತ್ತ ದಡದ ಅಂಚಿಗೆ ಹೋಗುವುದು, ಅಂಕಿ ಓದುವುದು. ಅಂಕಿ ಬದಲಾಗಲೇ ಇಲ್ಲ. ಹೊಳೆ ಕೆಂಪಾಗಿ ಮೊರೆಯುತ್ತಿತ್ತು, ಮಣ್ಣು ದೊಪದೊಪನೆ ಬೀಳುವುದು ಕಿವಿಗೆ ಕೇಳುತ್ತಿತ್ತು. ಆದರೂ ಗೂಟದಿಂದ ದಡದ ಅಂಚಿಗೆ ನಿನ್ನೆ ಎಷ್ಟೋ ಇವತ್ತೂ ಅಷ್ಟೇ.

"ದಡ ಬಂಡೆ ಇದ್ದ ಹಾಗಿದೆ ಸಾರ್, ಯಾರನ್ನೂ ಕದಲಿಸಬೇಡಿ," ಎಂದು ಅವಳು ಮ್ಯಾನೇಜರಿಗೆ ಎದೆ ತಟ್ಟಿ ಹೇಳಿದಳು. ಮ್ಯಾನೇಜರಿಗೆ ಹಾಲು ಕುಡಿದಷ್ಟು ಸಂತೋಷ.

"ಬಟ್ಟೆ ಒಗೆಯೋ ಕಲ್ಲು ಕಾಣಿಸ್ತಿಲ್ಲ ಮೇಡಂ," ಎಂದಳು ಒಂದು ದಿನ ಅಡುಗೆಯಕ್ಕ. ಇನ್ನೊಂದು ದಿನ, "ಬಟ್ಟೆ ಒಣಹಾಕೋ ಕಂಬಾನೂ ಹೋಯ್ತು."

"ಯಾರೋ ಕಿತ್ಕೊಂಡು ಹೋಗಿರ್ತಾರೆ. ಟೇಪು ಸುಳ್ಳು ಹೇಳುತ್ತಾ?"

ಹಾಗೆಂದವಳಿಗೂ ನೆಮ್ಮದಿ ಇರಲಿಲ್ಲ. ಶೆಡ್ಡುಗಳ ಸಾಲಿನ ಕೊನೆಗಿದ್ದ ಅವಳ ಕೋಣೆಯ ಹೊಸ್ತಿಲಾಚೆ ಬೆಳಿಗ್ಗೆ ಹೊತ್ತು ಭಾರವಾದದ್ದೇನನ್ನೋ ಎಳೆದಂತೆ ಹಸಿ ಮಣ್ಣಿನ ಗೀರು ಇರುತ್ತಿತ್ತು. ತಲೆದಿಂಬಿಗೆ ಸುಟ್ಟ ಕೂದಲಿನ ವಾಸನೆ ಹತ್ತಿತ್ತು. ಅವಳು ದಿಂಬನ್ನು ಬಿಸಿಲಿಗೆ ಹಾಕಿದಳು, ಗೀರನ್ನು ಚಪ್ಪಲಿಯಿಂದ ಅಳಿಸಿದಳು, ಮೊಂಡುತನ ಮಾತ್ರ ಬಿಡಲಿಲ್ಲ.

ಮೇಲಿನ ಸೀಮೆಯಲ್ಲಿ ಮಳೆ ಸುರಿದ ದಿನ, ಮುಸ್ಸಂಜೆ ಹೊತ್ತಿಗೆ ಮ್ಯಾನೇಜರ್ ಫೋನು ಮಾಡಿದ. "ನೀರು ಜಾಸ್ತಿ ಬರ್ತಿದೆಯಂತೆ. ಲಾರಿ ನಿಲ್ಲಿಸಿಕೊಂಡಿದೀನಿ. ಜನಾನ ಮೇಲಕ್ಕೆ ಸಾಗಿಸ್ಲಾ, ಬೇಡ್ವಾ? ನೀವು ಹೇಳಿದ ಹಾಗೆ."

'ಬೇಡ' ಎನ್ನಲು ಬಾಯಿ ತೆರೆದವಳು ಬಾಗಿಲಾಚೆ ನೋಡಿದಳು.

ಗೂಟ ಕಾಣುತ್ತಿತ್ತು. ಅದಿದ್ದದ್ದು ಮರಳಿನ ರಾಶಿಯ ಆಚೆ. ಈ ಬಾಗಿಲಿಂದ ಅದು ಯಾವತ್ತೂ ಕಂಡಿರಲಿಲ್ಲ. ಈಗ ಮರಳಿನ ರಾಶಿಯೇ ಇರಲಿಲ್ಲ. ಬೆಳಿಗ್ಗೆ ಅಲ್ಲೇ ನಿಂತು ಅಳೆದಿದ್ದಳಲ್ಲ, ಅಲ್ಲಿ ಈಗ ಬರೀ ನೀರು. ನೀರಿಗೆ ಈಚೆ, ಯಾವತ್ತಿನಷ್ಟೇ ದೂರದಲ್ಲಿ, ಗೂಟ. ಇಷ್ಟು ದಿನ ಅವಳು ಗೂಟದಿಂದ ದಡವನ್ನು ಅಳೆದಿದ್ದಳು. ಗೂಟವೇ ಸರಿದಿದೆಯೇ ಎಂದು ಒಮ್ಮೆ ಅಳೆದು ನೋಡುವ ಯೋಚನೆ ತಲೆಗೆ ಹೊಳೆದಿರಲಿಲ್ಲ. ಅವಳ ಕಸುಬಿನವರು ಯಾರನ್ನು ಬೇಕಾದರೂ ಅನುಮಾನಿಸುತ್ತಾರೆ, ಅಳತೆ ಶುರುವಾಗುವ ಜಾಗವನ್ನು ಅನುಮಾನಿಸುವುದಿಲ್ಲ.

"ಸಾರ್, ಲಾರಿ ಕಳಿಸಿ. ಎಲ್ಲಾ ಲಾರಿ ಕಳಿಸಿ. ನಾನು ಹೇಳಿದ್ದೆಲ್ಲ ತಪ್ಪು."

ಶೆಡ್ಡುಗಳಲ್ಲಿ ಕೂಗಾಟ ಎದ್ದಿತು. ಲಾರಿಗಳು ಬಂದವು. ಜನ ಮಕ್ಕಳನ್ನು ಎತ್ತಿಕೊಂಡು ಓಡಿದರು. ಅಡುಗೆಯಕ್ಕ ಅತ್ತೆಯನ್ನು ಮಂಚದ ಸಮೇತ ಎಳೆಯತೊಡಗಿದಳು. ಜೀಪಿನ ಡ್ರೈವರು ಅರಚಿದ: "ಹತ್ತಿ ಮೇಡಂ! ನೀವು ಮೊದ್ಲು ಹತ್ತಿ!"

ಅವಳು ಜೀಪಿನ ಕಡೆ ಒಂದು ಹೆಜ್ಜೆ ಇಟ್ಟಳು. ಹಿಂದೆ ಗೂಟದ ಹಗ್ಗ ಬಿಗಿದು ಕಿರುಗುಟ್ಟಿತು. ದಡದ ಒಂದು ಹೋಳು ನೀರಿಗೆ ಬಿತ್ತು. ಇನ್ನೊಂದು ಹೆಜ್ಜೆ. ಮತ್ತೆ ಕಿರುಗುಟ್ಟಿತು. ಮತ್ತೆ ಬಿತ್ತು. ತಿರುಗಿ ನೋಡಿದಳು. ಗೂಟ ಇನ್ನೂ ಹತ್ತಿರ ಬಂದಿತ್ತು.

ಗುಡ್ಡಕ್ಕೆ ಇದ್ದದ್ದು ಒಂದೇ ದಾರಿ, ಅದೂ ಶೆಡ್ಡುಗಳ ನಡುವೆ. ಅವಳು ಜೀಪು ಹತ್ತಿದರೆ ಗೂಟ ಅವಳ ಹಿಂದೆ ಬರುತ್ತದೆ, ಹೊಳೆ ಗೂಟದ ಹಿಂದೆ, ಮಂಚ ಎಳೆಯುತ್ತಿರುವವರ ಮೇಲೆಯೇ. ಅವಳಿಗೆ ಹೆದರಿಕೆಯಾಯಿತು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿತ್ತು. ಸತ್ತ ದೋಣಿಯವನು ಅವಳ ಟೇಪನ್ನೇ ಹಿಡಿದು ಅವಳನ್ನು ಆಡಿಸಿದ್ದ.

"ನಾನು ಬರಲ್ಲ. ಮಂಚ ಹಿಡೀರಿ, ಹೋಗಿ!" ಎಂದು ಡ್ರೈವರಿಗೆ ಕೂಗಿ ಅವಳು ಹೊಳೆಯ ಕಡೆ ತಿರುಗಿದಳು.

ಜನರೇಟರು ನಿಂತಿತು. ದೀಪಗಳೆಲ್ಲ ಒಮ್ಮೆಲೇ ಆರಿದವು. ಕತ್ತಲು. ನೀರಿನ ಮೊರೆತ. ಸುಟ್ಟ ಕೂದಲು. ಅವಳು ನಡೆದಳು. ಕಾಲ ಕೆಳಗೆ ಮಣ್ಣು ಹಿಟ್ಟಿನಂತೆ ಜಾರಿತು. ಕೈ ಚಾಚಿದಳು. ಏನೋ ತಗುಲಿತು. ತಣ್ಣಗಿತ್ತು. ಒದ್ದೆಯಾಗಿತ್ತು. ಉಸಿರಾಡುತ್ತಿತ್ತು.

ಅವಳು ಅದನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದಳು.

"ದೋಣಿ ಹೋಯ್ತು ಅಂತ ಮಕ್ಕಳನ್ನ ಮುಳುಗಿಸ್ತೀಯೇನೋ?" ಹಲ್ಲು ಕಚ್ಚಿಕೊಂಡೇ ಕೇಳಿದಳು. "ನನ್ನ ಹಿಂದೆ ತಾನೆ ಬರೋದು ನೀನು? ನಾನು ಇಲ್ಲಿಂದ ಕದಲಲ್ಲ. ಅದೆಲ್ಲಿಗೆ ಹೋಗ್ತೀಯೋ ಹೋಗು."

ಹಗ್ಗ ಅವಳ ಕಾಲಿಗೆ ಸುತ್ತಿತು. ಬಿಗಿಯಿತು. ಕೂದಲು ಬಾಯಿಗೆ ನುಗ್ಗಿತು. ಉಗುಳಿದಳು. ಹೊಳೆ ಎಳೆಯಿತು. ಅವಳು ಬಿಡಲಿಲ್ಲ. ಮತ್ತೆ ಎಳೆಯಿತು. ಬಿಡಲಿಲ್ಲ.

ಬೆಳಿಗ್ಗೆ ಮಂಜು ಸರಿದಾಗ ಮ್ಯಾನೇಜರೂ ಅಡುಗೆಯಕ್ಕನೂ ಗುಡ್ಡದಿಂದ ಇಳಿದು ಬಂದರು. ಮೇಲೆ ಎಲ್ಲರೂ ಕ್ಷೇಮವಾಗಿದ್ದರು. ಶೆಡ್ಡುಗಳೂ ನಿಂತಿದ್ದವು. ಹೊಳೆ ಶೆಡ್ಡಿನ ಗೋಡೆಗೆ ಒಂದು ಮಾರು ದೂರದಲ್ಲಿ ನಿಂತುಹೋಗಿತ್ತು. ದಡದ ತುತ್ತತುದಿಯಲ್ಲಿ ಅಳತೆ ಮೇಡಂ ನಿಂತಿದ್ದಳು. ಗೂಟ ಎಲ್ಲೂ ಇರಲಿಲ್ಲ. ಅವಳ ತೋಳುಗಳು ಖಾಲಿ ಗಾಳಿಯನ್ನು ತಬ್ಬಿದ್ದವು. ಕಣಕಾಲಿಗೆ ಸುತ್ತಿದ ಕರಿ ಹಗ್ಗ ಬಿಗಿದುಕೊಂಡು ನೀರೊಳಗೆ ಇಳಿದಿತ್ತು.

ಮ್ಯಾನೇಜರ್ ಓಡಿಹೋಗಿ ಅವಳ ಸೊಂಟ ಹಿಡಿದು ಎತ್ತಲು ನೋಡಿದ. ಶೆಡ್ಡಿನ ಗೋಡೆ ಬುಡದಲ್ಲಿ ನೆಲ ಬಿರಿಯಿತು.

"ಬಿಡ್ರೀ ನನ್ನ!" ಎಂದು ಅವಳು ಗದರಿದಳು. ಅವನು ಬಿಟ್ಟ. ಬಿರುಕು ಅಲ್ಲಿಗೇ ನಿಂತಿತು.

ಅಡುಗೆಯಕ್ಕ ಕೂತು ಅವಳ ಪಾದ ಮುಟ್ಟಿದಳು. ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದಳು. ಟಕ್ ಎಂದಿತು. ಮರದ ಸದ್ದು. ಮಂಡಿಗೆ ತಟ್ಟಿದಳು. ಅಲ್ಲೂ ಅದೇ ಸದ್ದು. ಅಡುಗೆಯಕ್ಕ ಬಿಕ್ಕಿದಳು. "ಹೇಳಿದ್ನಲ್ಲಾ ತಾಯಿ..."

"ಹೇಳಿದ್ರಿ. ಕೇಳ್ಲಿಲ್ಲ. ತಪ್ಪು ನಂದೇ." ದನಿ ಒಡೆದಿತ್ತು, ಆದರೆ ತಗ್ಗಿರಲಿಲ್ಲ. "ಜನ ಮೇಲೇ ಇರ್ಲಿ. ಆದ್ರೆ ಸೇತುವೆ ಕೆಲಸ ಒಂದು ದಿನಾನೂ ನಿಲ್ಲಬಾರ್ದು ಸಾರ್. ನಿಂತ್ರೆ ಆ ದೋಣಿಯವನು ಗೆದ್ದ ಹಾಗೆ."

"ಸೇತುವೆ ಮುಗಿಯೋ ತನಕ ನೀವು..." ಮ್ಯಾನೇಜರ್ ಅವಳ ಕಾಲಿನ ಹಗ್ಗದ ಕಡೆ ನೋಡಿದ.

"ಅಲ್ಲಿ ತನಕ ನನ್ನಿಂದ ಅಳೀರಿ. ಈ ದಡದಲ್ಲಿ ಕದಲದೇ ಇರೋದು ಈಗ ನಾನೊಬ್ಳೇ."

ಅವಳು ಕಷ್ಟಪಟ್ಟು ಒಂದು ಕೈಯನ್ನು ಮುಂದೆ ಚಾಚಿದಳು. ಬೆರಳುಗಳು ಆಗಲೇ ಕಪ್ಪಾಗಿದ್ದವು. ಮ್ಯಾನೇಜರ್ ಅಳುತ್ತಲೇ ಟೇಪಿನ ಕೊಕ್ಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿದ. ಕೊಕ್ಕೆ ಕಚ್ಚಿಕೊಂಡಿತು, ರಕ್ತ ಬರಲಿಲ್ಲ.

"ಬಿಗಿಯಾಗಿ ಎಳೀರಿ ಸಾರ್," ಎಂದಳು ಅವಳು, ಹೊಳೆಯ ಕಡೆಯೇ ನೋಡುತ್ತ.