ನೆಟ್ ಹೋದರೆ ಕರೆಯಿರಿ

"ಅದು ಬೇಡ ರೀ," ಎಂದ ಅಂಗಡಿಯವನು. "ಅದನ್ನ ಕೊಂಡೋರೆಲ್ಲ ಆಮೇಲೆ ಬಂದು ನನ್ನನ್ನೇ ಬೈತಾರೆ."

ಜೊವೆಲಿನ್ ಕೈಯಲ್ಲಿದ್ದದ್ದು ಎಂಟು ಆಂಟೆನಾಗಳ ಕಪ್ಪು ರೌಟರ್. ಅಂಗಾತ ಬಿದ್ದ ಏಡಿಯ ಹಾಗಿತ್ತು. ಡಬ್ಬದ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ ಚಿತ್ರ, ಕೆಂಪು ಅಕ್ಷರದಲ್ಲಿ ‘ಗೇಮಿಂಗ್’. ಫಿಲಿಪ್ಪೀನ್ಸಿನ ಇಲೊಯಿಲೊ ಪೇಟೆಯ ಆ ಸಾಲಿನಲ್ಲಿ ಏಳು ಅಂಗಡಿ ಸುತ್ತಿ ಬಂದಿದ್ದಳು. ಏಳರಲ್ಲೂ ಇಂಥದನ್ನೇ ಅವಳ ಕೈಗೆ ತುರುಕಲು ನೋಡಿದ್ದರು. ಮಾರುವವನೇ ಬೇಡ ಎಂದದ್ದು ಇಲ್ಲಿ ಮಾತ್ರ.

"ಯಾಕೆ, ಹುಡುಗಿ ಅಂತ ಚಿಕ್ಕದು ತೋರಿಸ್ತೀರಾ?"

"ಹುಡುಗಿ ಅಂತಲ್ಲ. ಮನೆ ಹೇಗಿದೆ ಹೇಳಿ ಮೊದಲು. ನೆಟ್ ಕಂಪನಿಯವರ ಡಬ್ಬಕ್ಕೂ ನಿಮ್ಮ ಕಂಪ್ಯೂಟರ್‌ಗೂ ಎಷ್ಟು ದೂರ?"

"ಹತ್ತು ಹೆಜ್ಜೆ. ನಡುವೆ ಒಂದು ಮರದ ಗೋಡೆ."

"ಮನೇಲಿ ಇನ್ಯಾರು ನೆಟ್ ತಿಂತಾರೆ?"

"ನಮ್ಮ ಲೋಲಾ. ಅಜ್ಜಿಗೆ ಸಂಜೆ ಆರರಿಂದ ಎಂಟರ ತನಕ ಕೊರಿಯಾ ಸೀರಿಯಲ್ ಬೇಕು. ಅದು ಶುರುವಾದ್ರೆ ನನ್ನ ಕಥೆ ಮುಗೀತು. ನಾನು ಗುರಿ ಇಟ್ಟು ಹೊಡೀತೀನಿ, ಏಟು ಬೀಳೋ ಹೊತ್ತಿಗೆ ನಾನೇ ಸತ್ತಿರ್ತೀನಿ."

ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ತುಸು ಜಾಸ್ತಿ ಮುಚ್ಚುತ್ತಿತ್ತು. ಅದನ್ನು ಜೊವೆಲಿನ್ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ನಿಮಗೆ ವೇಗ ಸಾಲ್ತಿಲ್ಲ ಅಂತಲ್ಲ, ಸರದಿ ಸರಿಯಿಲ್ಲ. ಅಜ್ಜಿ ಸೀರಿಯಲ್ಲು ಅಕ್ಕಿಮೂಟೆ ಹೊತ್ಕೊಂಡು ಬಾಗಿಲಿಗೆ ಅಡ್ಡ ನಿಂತಿರುತ್ತೆ. ನಿಮ್ಮ ಆಟ ಒಂದು ಚೀಟಿ ಹಿಡ್ಕೊಂಡು ಹಿಂದೆ ಕಾಯ್ತಿರುತ್ತೆ. ಚೀಟಿಯವರನ್ನ ಮೊದಲು ಒಳಗೆ ಬಿಡೋ ರೌಟರ್ ಬೇಕು, ಅಷ್ಟೆ." ಕೆಳಗಿನ ಹಲಗೆಯಿಂದ ಒಂದು ಸಾದಾ ಬಿಳಿ ಡಬ್ಬ ತೆಗೆದಿಟ್ಟ. "ಇದು ಆ ಕೆಲಸ ಮಾಡುತ್ತೆ. ಕಂಪ್ಯೂಟರ್‌ಗೆ ಮಾತ್ರ ವೈರ್ ಎಳೀಬೇಕು. ಆಟಕ್ಕೆ ವೈರ್ ಬಿಟ್ಟು ಇನ್ನೇನನ್ನೂ ನಂಬಬೇಡಿ."

"ನಿಮ್ಮನ್ನೂ?"

"ನನ್ನನ್ನೂ."

ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ಕೇಳುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದಳು.

ಅವನ ಹೆಸರು ಆರ್ವಿನ್. ಅದೇ ಮಧ್ಯಾಹ್ನ ಜಾರೋ ಬಡಾವಣೆಯ ಅವಳ ಮಹಡಿಮನೆಗೆ ಬಂದು ರೌಟರ್ ಜೋಡಿಸಿದ. ಮರದ ಗೋಡೆಯುದ್ದಕ್ಕೂ ವೈರನ್ನು ಎಷ್ಟು ನಾಜೂಕಾಗಿ ಎಳೆದನೆಂದರೆ ಲೋಲಾ ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ಲೋಲಾ ಕೊಟ್ಟ ಬಿಬಿಂಗ್ಕಾ ಎಂಬ ಬಿಸಿ ಅಕ್ಕಿ ಕಡುಬನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಹೊರಡುವಾಗ ರೌಟರ್ ಮೇಲೆ ತನ್ನ ನಂಬರಿನ ಚೀಟಿ ಅಂಟಿಸಿದ.

"ವೈಫೈ ಪಾಸ್‌ವರ್ಡ್ ನಿಮ್ಮದು. ರೌಟರ್ ಒಳಗಿನ ಪಾಸ್‌ವರ್ಡ್ ನನ್ನ ಹತ್ರ ಇರುತ್ತೆ. ಈ ಬೀದೀಲಿ ಎಲ್ಲರದ್ದೂ ಹಾಗೇ. ನೆಟ್ ಹೋದ್ರೆ ಕರೀರಿ."

ಎಲ್ಲರದ್ದೂ ಹಾಗೇ ಇತ್ತು, ಸುಳ್ಳಲ್ಲ. ಆ ಬೀದಿಯಲ್ಲಿ ಯಾರಿಗೆ ಬೇಕಿತ್ತು ಒಳಗಿನ ಪಾಸ್‌ವರ್ಡಿನ ಉಸಾಬರಿ?

ಮೊದಲ ವಾರ ಆಟ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ನಡೆಯಿತು. ಪಕ್ಕದಲ್ಲಿ ಲೋಲಾಳ ಸೀರಿಯಲ್ಲಿನ ನಾಯಕಿ ಗೋಳಾಡುತ್ತಿದ್ದರೂ ಇಲ್ಲಿ ಜೊವೆಲಿನ್ ಇಟ್ಟ ಗುರಿ ತಪ್ಪಲಿಲ್ಲ. ಒಂಬತ್ತನೆಯ ದಿನ, ಬುಧವಾರ ಸಂಜೆ, ಆಟದ ನಡುವೆ ನೆಟ್ ಹೋಯಿತು. ಕರೆದಳು. ಹತ್ತೇ ನಿಮಿಷಕ್ಕೆ ಬಂದ.

"ಏನಾಗಿತ್ತು?"

"ಏನಿಲ್ಲ. ರೌಟರ್‌ಗೆ ಬೇಜಾರಾಗಿತ್ತು. ನಾನು ಬಂದೆ, ಸರಿಹೋಯ್ತು."

"ನಿಮ್ಮನ್ನ ನೋಡಿದ್ರೆ ಅದಕ್ಕೆ ಖುಷಿಯಾ?"

"ಮನೇಲಿ ಅದೊಂದಕ್ಕಾದ್ರೂ ಆಗುತ್ತಲ್ಲ."

ಆಮೇಲೆ ವಾರಕ್ಕೊಂದು ಸಲ, ಕೆಲವೊಮ್ಮೆ ಎರಡು ಸಲ ನೆಟ್ ಹೋಗತೊಡಗಿತು. ‘ನೀವು’ ಹೋಗಿ ‘ನೀನು’ ಬಂತು. ಆ ಊರಿನಲ್ಲಿ ಹುಡುಗಿಯರನ್ನೆಲ್ಲ ಕರೆಯುವಂತೆ ಅವನೂ ಅವಳನ್ನು ‘ಇಂದಾಯ್’ ಎಂದು ಕರೆದ. ಎಲ್ಲರೂ ಕರೆಯುವ ಆ ಹೆಸರು ಅವನ ಬಾಯಲ್ಲಿ ತನ್ನೊಬ್ಬಳಿಗೇ ಇಟ್ಟದ್ದೆಂದು ಅವಳಿಗೆ ಅನ್ನಿಸಿತು. ಬುಧವಾರ ಬೆಳಿಗ್ಗೆಯಿಂದಲೇ ತಲೆಗೂದಲು ಸರಿಯಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ ಬಂತು. ಅವನು ಬಗ್ಗಿ ವೈರ್ ನೋಡುವಾಗ ಕುತ್ತಿಗೆಯ ಬೆವರು ನೋಡುತ್ತ ನಿಲ್ಲುವಳು. ಅವನು ಥಟ್ಟನೆ ತಿರುಗಿದರೆ ಸುಮ್ಮನೆ ಗಡಿಯಾರ ನೋಡುವಳು. "ಎಷ್ಟಾಯ್ತು ಗಂಟೆ?" ಎಂದು ಅವನು ಕೇಳಿದರೆ ಹೇಳಲು ಬಾರದು.

"ಆ ತೊತೊ ನೋಡು, ಕರೆದ ಕೂಡ್ಲೇ ಬರ್ತಾನೆ," ಎನ್ನುವಳು ಲೋಲಾ. ಅವಳಿಗೆ ಗಂಡುಹುಡುಗರೆಲ್ಲ ತೊತೊಗಳೇ. "ನಿಮ್ಮ ತಾತನ್ನ ಕರೆದ್ರೆ ಮೂರು ದಿನ ಬೇಕಿತ್ತು."

ಒಂದು ದಿನ ಕಾಫಿ ಲೋಟ ಹಿಡಿದುಕೊಂಡು ಆರ್ವಿನ್ ಕೇಳಿದ. "ಮೊನ್ನೆ ಮೂರು ಗಂಟೆ ತನಕ ನಿದ್ದೆಗೆಟ್ಟಿದ್ಯಲ್ಲ, ಯಾಕೆ?"

"ನಿನಗ್ಯಾರು ಹೇಳಿದ್ರು?"

"ನಿನ್ನ ಕಣ್ಣು."

ಅವನು ಹೋದ ಮೇಲೆ ಕನ್ನಡಿ ನೋಡಿಕೊಂಡಳು. ಕಣ್ಣ ಕೆಳಗೆ ಒಂದು ಗೆರೆಯೂ ಇರಲಿಲ್ಲ. ಪ್ರೀತಿಸುವವನಿಗೆ ಕಾಣುತ್ತದೇನೋ ಎಂದುಕೊಂಡು ನಾಚಿದಳು.

ಇನ್ನೊಂದು ದಿನ ಸ್ಕ್ರೂಡ್ರೈವರ್ ತಿರುಗಿಸುತ್ತ, ತಲೆಯೆತ್ತದೆ ಕೇಳಿದ. "ಭಾನುವಾರ ಯಾರು ಬಂದಿದ್ರು?"

"ನಮ್ಮ ಟೀಮಿನ ಕಾರ್ಲಿತೊ. ಅವನೇ ನಾಯಕ. ಯಾಕೆ?"

"ಏನಿಲ್ಲ. ನಿನ್ನ ವೈಫೈಗೆ ಹೊಸ ಫೋನ್ ಒಂದು ಸೇರ್ಕೊಂಡಿತ್ತು, ಅದಕ್ಕೆ."

ಮುಂದಿನ ಸಲ ಕಾರ್ಲಿತೊ ಬಂದಾಗ ಅವನ ಫೋನಿಗೆ ನೆಟ್ ಹತ್ತಲೇ ಇಲ್ಲ. "ನಿನ್ನ ವೈಫೈಗೆ ನನ್ನ ಕಂಡ್ರೆ ಆಗಲ್ಲ ಮಾರಾಯ್ತಿ," ಎಂದು ಅವನು ಗೊಣಗಿದ. ಜೊವೆಲಿನ್ ನಕ್ಕುಬಿಟ್ಟಳು. ನಗಬಾರದಿತ್ತು, ಆದರೆ ಹೊಟ್ಟೆಕಿಚ್ಚು ಪಡುವ ಗಂಡಸು ಅವಳಿಗೆ ಆ ದಿನಗಳಲ್ಲಿ ಚೆಂದವಾಗಿ ಕಂಡಿದ್ದ.

ನಾಲ್ಕನೆಯ ತಿಂಗಳಲ್ಲಿ ಮನಿಲಾದ ದೊಡ್ಡ ಗೇಮಿಂಗ್ ತಂಡವೊಂದರಿಂದ ಪತ್ರ ಬಂತು. ಲೋಲಾಳಿಗೂ ಹೇಳುವ ಮೊದಲು ಅವಳು ಆರ್ವಿನ್‌ಗೆ ಹೇಳಿದಳು. ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು.

"ಶನಿವಾರ ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಮೂರು ಆಟ. ಎರಡು ಗೆದ್ರೆ ನಮ್ಮ ಟೀಮಲ್ಲಿ ಚೆನ್ನಾಗಿ ಆಡಿದ ಒಬ್ಬರಿಗೆ ಜಾಗ ಕೊಡ್ತಾರೆ. ನನ್ನ ಮೇಲೇ ಕಣ್ಣಿಟ್ಟಿದ್ದಾರಂತೆ."

"ಅಲ್ಲೇ ಇರಬೇಕಾ?"

"ಒಂದು ವರ್ಷ. ಗೆಲ್ತಾ ಹೋದ್ರೆ ಜಾಸ್ತಿ. ಈ ವರ್ಷ ಆಗದಿದ್ರೆ ಮುಗೀತು, ಇಪ್ಪತ್ನಾಲ್ಕು ದಾಟಿದೋರನ್ನ ಅವರು ತಗೊಳ್ಳಲ್ಲ."

ಆರ್ವಿನ್ ಕಾಫಿಯನ್ನು ಅರ್ಧಕ್ಕೇ ಬಿಟ್ಟ. "ಒಳ್ಳೇದು," ಎಂದ. ಲೋಟವನ್ನು ಮೆಟ್ಟಿಲ ಮೇಲಿಟ್ಟು, "ಶುಕ್ರವಾರ ಬಂದು ಎಲ್ಲ ಒಂದ್ಸಲ ನೋಡಿ ಹೋಗ್ತೀನಿ," ಎಂದ. ಬಂದ, ನೋಡಿದ, ಹೋದ. ಅವತ್ತು ಏನೂ ತಿನ್ನಲಿಲ್ಲ.

ಜೊವೆಲಿನ್ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದಳು. ಶನಿವಾರ ಆಟ ಮುಗಿದ ಮೇಲೆ ತಾನೇ ಹೇಳಿಬಿಡುವುದು. ಪ್ರೀತಿಸುತ್ತೇನೆ, ಕಾಯುತ್ತೀಯಾ ಎಂದು. ಅವನು ಕಾಯುತ್ತಾನೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಶನಿವಾರ ಲೋಲಾ ಪ್ರಾರ್ಥನೆಗೆಂದು ಪಕ್ಕದ ಬೀದಿಗೆ ಹೋಗಿದ್ದಳು. ಮನೆಯಲ್ಲಿ ಜೊವೆಲಿನ್ ಒಬ್ಬಳೇ. ಮೊದಲ ಆಟ ಗೆದ್ದರು, ಎರಡನೆಯದು ಸೋತರು. ಮೂರನೆಯದು ಸಮಸಮ ನಡೆಯುತ್ತಿದ್ದಾಗ ಪರದೆ ನಿಂತುಹೋಯಿತು.

ಫೋನಿನಲ್ಲಿ ಕಾರ್ಲಿತೊ. "ಎಲ್ಲಿ ಹೋದೆ? ಆಟ ನಿಲ್ಲಿಸಿದ್ದಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ, ಅಷ್ಟರೊಳಗೆ ಬರದಿದ್ರೆ ನಾವು ನಾಲ್ಕೇ ಜನ ಆಡ್ಬೇಕು. ನಿನ್ನ ಕಥೆ ಅಲ್ಲಿಗೆ ಮುಗೀತು."

ರೌಟರ್ ನೋಡಿದಳು. ದೀಪಗಳೆಲ್ಲ ಹಸಿರು. ಆರ್ವಿನ್ ನಂಬರ್ ಹುಡುಕುತ್ತಿದ್ದಾಗಲೇ ಬಾಗಿಲ ಸರಳು ತಟ್ಟಿದ ಸದ್ದಾಯಿತು.

ಸರಳುಬಾಗಿಲ ಆಚೆ ಆರ್ವಿನ್ ನಿಂತಿದ್ದ, ಹೆಗಲಲ್ಲಿ ಸಲಕರಣೆ ಚೀಲ.

"ನೆಟ್ ಹೋಯ್ತಾ?"

ಹೋದ ಜೀವ ಬಂದ ಹಾಗಾಯಿತು ಅವಳಿಗೆ. ಓಡಿಹೋಗಿ ಚಿಲಕಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಆರ್ವಿನ್. ನಾನಿನ್ನೂ ಕರೆದೇ ಇಲ್ಲ."

"ಈ ಕಡೆ ಬಂದಿದ್ದೆ."

"ಶನಿವಾರ ಅಂಗಡಿ ಆರರ ತನಕ ಇರುತ್ತೆ. ನೆಟ್ ಹೋಗಿದೆ ಅಂತ ನಿನಗೆ ಹೇಗೆ ಗೊತ್ತು? ನಿನ್ನ ಫೋನ್ ತೋರಿಸು."

ಅವನು ವಾದ ಮಾಡಲಿಲ್ಲ. ಫೋನನ್ನು ಕೈಬಿಡದೆ ಸರಳಿನ ಹತ್ತಿರ ಹಿಡಿದ. ಪರದೆಯ ಮೇಲೆ ಅವಳ ರೌಟರಿನ ಒಳಪುಟ, ತಲೆಯಲ್ಲಿ ‘ನನ್ನ ಇಂದಾಯ್ ಮನೆ’ ಎಂದಿತ್ತು. ಕೆಳಗೆ ಲೋಲಾಳ ಟೀವಿ, ಲೋಲಾಳ ಫೋನು, ಅವಳ ಫೋನು. ಅವಳ ಕಂಪ್ಯೂಟರಿನ ಎದುರು ಕೆಂಪಗೆ ‘ತಡೆಯಲಾಗಿದೆ’.

ಅವಳು ಆ ಹೆಸರನ್ನು ಇನ್ನೊಮ್ಮೆ ಓದಿದಳು.

"ಬುಧವಾರಗಳೆಲ್ಲ?"

"ಹೂಂ."

"ಮೂರು ಗಂಟೆ ತನಕ ಎದ್ದಿದ್ದು? ಕಾರ್ಲಿತೊ ಫೋನು?"

"ಹೂಂ." ಅವನ ಕಣ್ಣು ತುಂಬಿತ್ತು. "ನೆಟ್ ಸರಿಯಿದ್ದಾಗ ನೀನು ಒಂದು ಸಲನೂ ಕರೀಲಿಲ್ಲ ಇಂದಾಯ್. ಮೊದಲ ಎಂಟು ದಿನ ಫೋನ್ ಮುಂದಿಟ್ಕೊಂಡು ಕೂತಿದ್ದೆ, ಗೊತ್ತಾ? ಒಂಬತ್ತನೇ ದಿನ ಒತ್ತಿಬಿಟ್ಟೆ. ನೀನು ಕರೆದೆ. ನನ್ನ ಹೆಸರು ಹಿಡಿದು ಕರೆದೆ. ನಾನು ನಿನ್ನ ಪ್ರೀತಿಸ್ತೀನಿ. ಬೇರೆ ಯಾವ ದಾರೀನೂ ನಂಗೆ ಹೊಳೀಲಿಲ್ಲ."

ನಾಲ್ಕು ತಿಂಗಳಿಂದ ಕಾದಿದ್ದ ಮಾತು ಇಂಥ ಹೊತ್ತಿನಲ್ಲಿ ಬಂತು. ಅದನ್ನು ಕೇಳಿ ಒಳಗೆಲ್ಲೋ ಹಿತವಾದದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ನಾನೂ ಒಂದ್ಸಲ ವೈರ್ ಕಿತ್ತಿದ್ದೆ," ಎಂದಳು. "ಲೋಲಾ ಹುಟ್ಟಿದಹಬ್ಬದ ದಿನ. ಕಿತ್ತು, ನೆಟ್ ಹೋಯ್ತು ಅಂತ ನಿನ್ನ ಕರೆದಿದ್ದೆ. ನೀನು ಬರಲಿ ಅಂತ."

ಅವನ ಮುಖ ಅರಳಿತು. "ನೋಡ್ದಾ? ನೀನೂ ನನ್ನ ಥರಾನೇ."

"ಅಲ್ಲ. ನಾನು ಕಿತ್ತಿದ್ದು ನನ್ನ ವೈರು. ನೀನು ಕಿತ್ತಿದ್ದೂ ನನ್ನ ವೈರೇ."

ಅವನಿಗೆ ಅದು ತಿಳಿಯಿತೋ ಇಲ್ಲವೋ. "ಬಾಗಿಲು ತೆಗಿ," ಎಂದ ಮೆಲ್ಲಗೆ. "ಒಳಗೆ ಕೂತು ಮಾತಾಡೋಣ. ಆಮೇಲೆ ಒತ್ತುತ್ತೀನಿ, ನೆಟ್ ಬರುತ್ತೆ. ಇನ್ನೂ ಆರು ನಿಮಿಷ ಇದೆ."

"ಹತ್ತು ನಿಮಿಷ ಅಂತ ನಿನಗ್ಯಾರು ಹೇಳಿದ್ರು?"

"ಪಂದ್ಯದ ನಿಯಮ ಓದ್ಕೊಂಡೇ ಬಂದಿದ್ದೀನಿ."

ಅವಳು ಚಿಲಕದಿಂದ ಕೈ ತೆಗೆದು, ಒಳಗಿನ ಅಗುಳಿಯನ್ನೂ ಹಾಕಿದಳು. ಆರು ನಿಮಿಷ. ಅವನನ್ನು ಒಳಗೆ ಬಿಟ್ಟರೆ ಆಟ ಸಿಗುತ್ತದೆ, ಅವನು ಕೊಟ್ಟಷ್ಟು ಹೊತ್ತು. ರೌಟರನ್ನು ಮೊದಲಿನಿಂದ ಹೊಂದಿಸಲು ಹೊತ್ತು ಸಾಲದು. ಅವಳು ಕಂಪ್ಯೂಟರಿನ ವೈರನ್ನು ಬಿಳಿ ರೌಟರಿನಿಂದ ಕಿತ್ತಳು. ನೆಟ್ ಕಂಪನಿಯ ಹಳೆಯ ಡಬ್ಬವನ್ನು ತಿರುಗಿಸಿ, ಧೂಳು ತುಂಬಿದ ತೂತಿಗೆ ಅದನ್ನು ನೇರವಾಗಿ ಚುಚ್ಚಿದಳು. ರೌಟರಿನ ವಿದ್ಯುತ್ತನ್ನೂ ಕಿತ್ತಳು.

"ಇಂದಾಯ್," ಎಂದು ಹೊರಗಿನಿಂದ ಕರೆದ. ಸಿಟ್ಟಿರಲಿಲ್ಲ ದನಿಯಲ್ಲಿ. "ಇಂದಾಯ್, ತೆಗಿ. ಒಂದ್ಸಲ ತೆಗಿ."

ಪರದೆಯ ಮೇಲಿನ ಬಿಳಿ ಚಕ್ರ ಸುತ್ತಿತು, ಸುತ್ತಿತು. ಒಂದೂವರೆ ನಿಮಿಷ ಉಳಿದಿದ್ದಾಗ ಆಟ ತೆರೆಯಿತು. ಅವಳು ಹೆಡ್‌ಫೋನ್ ಕಿವಿಗೆ ಒತ್ತಿಕೊಂಡಳು. ಆಮೇಲಿನ ಇಪ್ಪತ್ತು ನಿಮಿಷ ಕಣ್ಣೀರು ಗಲ್ಲಕ್ಕೆ ಇಳಿಯುತ್ತಲೇ ಇತ್ತು, ಕೈ ಮಾತ್ರ ಎಲ್ಲೂ ತಪ್ಪಲಿಲ್ಲ. ಕೊನೆಯ ಹೊಡೆತ ಅವಳದೇ. ಕಾರ್ಲಿತೊ ಕಿವಿಯಲ್ಲಿ ಕಿರುಚುತ್ತಿದ್ದ, "ಹೋದೆ ನೀನು, ಮನಿಲಾಗೆ ಹೋದೆ," ಎಂದು.

ಹೆಡ್‌ಫೋನ್ ತೆಗೆದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಫೋನ್ ತೆಗೆದುಕೊಂಡು ಅವನ ನಂಬರ್ ಒತ್ತಿದಳು.

ರಿಂಗಣ ಕೇಳಿಸಿದ್ದು ಫೋನಿನೊಳಗೆ ಮಾತ್ರ ಅಲ್ಲ. ಹೊರಗೆ, ಮೆಟ್ಟಿಲ ಬುಡದಲ್ಲೂ ಕೇಳಿಸಿತು.

"ನೆಟ್ ಹೋಯ್ತಾ?" ಎಂದ. ಆ ಮಾತೂ ಎರಡು ಕಡೆಯಿಂದ ಬಂತು.

"ಇಲ್ಲ. ಚೆನ್ನಾಗಿದೆ. ಗೆದ್ದೆ." ಉಸಿರು ಎಳೆದುಕೊಂಡಳು. "ಸರಿಯಿದ್ದಾಗ ಕರೀಲಿಲ್ಲ ಅಂದ್ಯಲ್ಲ, ಅದಕ್ಕೆ ಕರೆದೆ. ಇವತ್ತು ಸಂಜೆ ನಾನೇ ಹೇಳೋಳಿದ್ದೆ ಆರ್ವಿನ್. ಪ್ರೀತಿಸ್ತೀನಿ, ಕಾಯ್ತೀಯಾ ಅಂತ ಕೇಳೋಳಿದ್ದೆ."

"ಕಾಯ್ತೀನಿ," ಎಂದ ಅವನು ಥಟ್ಟನೆ. "ಇಲ್ಲೇ ಕಾಯ್ತೀನಿ."

ಅವಳು ಫೋನ್ ಕತ್ತರಿಸಿದಳು. ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಒತ್ತಿಟ್ಟು ಅದರ ಮೇಲೆ ಕೂತು, ಅವನು ಹೊರಟುಹೋಗುವ ಸದ್ದಿಗಾಗಿ ಕಿವಿಗೊಟ್ಟಳು. ಲೋಲಾ ಬರಲು ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯೂ ಕೆಳಗೆ ಹೆಜ್ಜೆಯ ಸದ್ದು ಆಗಲಿಲ್ಲ.