ಅಲೆಕ್ಸಾಂಡರ್ ಕಡೆಯವಳು, ಸೀಸರ್ ಕಡೆಯವನು

"ಬೇಕಂತಲೇ ಸೋತ್ರಿ ಅಲ್ವಾ?"

ಗೆದ್ದವಳು ಹೀಗೆ ಸಿಡುಕುವುದನ್ನು ಎಲ್ಲಾದರೂ ಕಂಡಿದ್ದೀರಾ? ಎದುರಿಗೆ ಕೂತಿದ್ದ ಕನ್ನಡಕದಂಗಡಿಯವನು ತನ್ನ ಕನ್ನಡಕ ತೆಗೆದು ಸುಮ್ಮನೆ ಒರೆಸತೊಡಗಿದ.

ಅದು ಅವಳ ಸೋದರಮಾವನ ಆಟಿಕೆ ಅಂಗಡಿಯ ಹಿಂದಿನ ಕೋಣೆ. ಅಲ್ಲಿನ ಮೇಜಿನ ಮೇಲೆ ಮುಗಿಯದ ಜಗಳ ಒಂದೇ: ಅಲೆಕ್ಸಾಂಡರನ ಗ್ರೀಕರಿಗೂ ಸೀಸರನ ರೋಮನ್ನರಿಗೂ ಯುದ್ಧವಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಆ ಯುದ್ಧವನ್ನು ಆಡುವ ಬೆರಳುದ್ದದ ಆಟಿಕೆ ಸೈನಿಕರಿಗೆ ಬಣ್ಣ ಹಚ್ಚುವುದೇ ಅವಳ ಕೆಲಸ. ಅವಳು ಗ್ರೀಕರ ಪಕ್ಷ, ಎದುರಿಗಿದ್ದವನು ರೋಮನ್ನರ ಪಕ್ಷ. ಅವನಿಗೂ ಇದೇ ಹುಚ್ಚು ಎಂದು ಅಕ್ಕ ಹುಡುಕಿ ತಂದ ಗಂಡು ಅವನು. "ಮೊದ್ಲು ಒಂದಾಟ ಆಡ್ಲಿ. ಮದುವೆಗೆ ಹೂಂ ಅನ್ನೋದಾ, ಬೇಡ ಅನ್ನೋದಾ ಆಮೇಲೆ ಹೇಳ್ತೀನಿ" ಎಂದು ಅವಳೇ ಕರೆಸಿದ್ದಳು.

"ನನ್ನ ಈಟಿಯವರು ಗುಡ್ಡ ಹತ್ತುವಾಗ ಸಾಲು ಒಡೀತು. ನಡುವೆ ಇಷ್ಟಗಲ ಸಂದು! ರೋಮನ್ನರು ಗೆಲ್ಲೋದೇ ಅಂಥ ಸಂದಿಗೆ ನುಗ್ಗಿ. ನೀವ್ಯಾಕೆ ನುಗ್ಗಲಿಲ್ಲ?"

"ಅದು... ಕಾಣಿಸ್ಲಿಲ್ಲ."

"ಊರಿಗೆಲ್ಲ ಕನ್ನಡಕ ಮಾರೋರಿಗೆ ಕಾಣಿಸ್ಲಿಲ್ವಾ!"

ಅವಳ ಕೈಹಿಡಿಯಬೇಕಿದ್ದವನು ಹಿಂದೊಬ್ಬ ಹೀಗೆಯೇ ಇದ್ದ. "ನೀನು ಹೇಳಿದ್ದೇ ಸರಿ" ಎನ್ನುತ್ತಲೇ ಬೆನ್ನ ಹಿಂದೆ ಬೇರೊಬ್ಬಳನ್ನು ಮದುವೆಯಾದ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ತಣ್ಣನೆಯ ಹಾಲನ್ನೂ ನಂಬುವುದಿಲ್ಲ, ನೋಡಿ.

'ಇವನೂ ಅದೇ ಜಾತಿ... ಆಟದಲ್ಲೇ ನಾಟಕ ಆಡುವವನು ಸಂಸಾರದಲ್ಲಿ ಬಿಡುತ್ತಾನಾ?'

"ಆಟಕ್ಕೆ ಮುಂಚೆ ಮಾವನ ಕಿವೀಲಿ ಏನೋ ಪಿಸುಗುಟ್ಟಿದ್ರಿ. ಸೋತು ಹುಡುಗೀನ ಗೆಲ್ಲು ಅಂತ ಅವರು ಹೇಳ್ಕೊಟ್ರಾ?"

ಮಾವ ಬಾಗಿಲಲ್ಲೇ ನಿಂತಿದ್ದರು. "ನನ್ನನ್ಯಾಕೆ ಎಳೀತೀಯೇ ಪುಟ್ಟಿ? ಬಣ್ಣ ಒಣಗಿದ್ಯಾ ಅಂತ ಕೇಳಿದ್ನಷ್ಟೇ. ಬೆಳಗ್ಗೆ ನೀನು ಗುರಾಣಿಗಳಿಗೆ ಕೆಂಪು ಬಳಿದಿದ್ದೆ, ನೆನಪಿದ್ಯಾ?"

ಅವಳು ಗುರಾಣಿಯೊಂದನ್ನು ಮುಟ್ಟಿದಳು. ಹೆಬ್ಬೆರಳು ಕೆಂಪಾಯಿತು. ಅಯ್ಯೋ! ಸೈನಿಕರನ್ನು ಮುಟ್ಟದೆ, ಅವರು ನಿಂತ ಹಲಗೆಯನ್ನೇ ತಳ್ಳುತ್ತಿದ್ದವಳಿಗೆ ಬಣ್ಣ ಇನ್ನೂ ಹಸಿ ಎಂದು ಗೊತ್ತೇ ಆಗಿರಲಿಲ್ಲ.

"ಸಂದಿಗೆ ನುಗ್ಗಿದ್ರೆ ನನ್ನೋರು ಉಜ್ಜಿ ನಿಮ್ಮ ಕೆಲಸವೆಲ್ಲ ಹಾಳಾಗ್ತಿತ್ತು," ಅವನು ತಲೆ ತಗ್ಗಿಸಿದ.

"ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಆಟ ನಿಲ್ಲಿಸ್ತಿದ್ರಿ. ನಾನು ಮನೆಗೆ ಹೋಗ್ಬೇಕಾಗ್ತಿತ್ತು... ಹೋಗೋಕೆ ಮನಸ್ಸಿರ್ಲಿಲ್ಲ."

ಅವಳಿಗೆ ಆ ಮಾತು ಹಿಡಿಸಿತು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಸಾಯುತ್ತದೆಯೇ?

"ಒಣಗ್ಲಿ. ಮತ್ತೆ ಆಡೋಣ. ಈ ಸಲ ಒಬ್ಬೇ ಒಬ್ಬ ಸೈನಿಕನ್ನ ಬಿಟ್ಟುಕೊಟ್ರೂ ನನ್ನ ಉತ್ತರ 'ಬೇಡ' ಅಂತ."

ಫ್ಯಾನು ತಿರುಗಿತು, ಬಣ್ಣ ಒಣಗಿತು. ಗುಡ್ಡದ ಮೇಲೆ ಮತ್ತೆ ಸಾಲು ಒಡೆಯಿತು. ಅವನು ಒಮ್ಮೆ ಅವಳ ಮುಖ ನೋಡಿದ. ನುಗ್ಗಿಯೇ ಬಿಟ್ಟ! ಅಲೆಕ್ಸಾಂಡರನ ಸೈನ್ಯ ಚಿಂದಿಚಿತ್ರಾನ್ನವಾಯಿತು.

"ಅಲ್ಲಯ್ಯಾ, ಹೆಣ್ಣು ಕೇಳೋಕೆ ಬಂದೋನು ಹೀಗಾ ಬಡಿಯೋದು!" ಮಾವ ತಲೆ ಚಚ್ಚಿಕೊಂಡು ಹೊರಗೆ ಹೋದರು.

ಅವಳ ಕಣ್ಣು ತುಂಬಿತ್ತು.

"ಬೇಜಾರಾಯ್ತಾ?" ಅವನು ಗಾಬರಿಯಾದ.

"ಇಲ್ಲ... ಇಷ್ಟು ದಿನಕ್ಕೆ ಒಬ್ರು ನನ್ನ ಹತ್ರ ನಿಜವಾಗಿ ಆಡಿದ್ರು. ಮದುವೆ ಆದ್ಮೇಲೂ ಹೀಗೇ ಇರ್ತೀರಾ?"

"ಜಗಳ ಬಂದ್ರೆ ಜಗಳಾನೇ ಆಡ್ತೀನಿ. ಸುಳ್ಳು ಸುಳ್ಳೇ ಸೋಲಲ್ಲ."

"ಹಾಗಾದ್ರೆ... ಹೂಂ."

ಅವನು ಅವಳ ಕೆಂಪು ಹೆಬ್ಬೆರಳನ್ನೇ ನೋಡುತ್ತಿದ್ದ. "ಕೈ ಹಿಡ್ಕೊಳ್ಲಾ?"

ಅವಳು ಕೈ ಮುಂದೆ ಚಾಚಿದಳು.

"ಹಿಡ್ಕೊಳ್ಳಿ. ಬಣ್ಣ ಒಣಗಿದೆ."