ಅತ್ತೆಯ ಅಕ್ಷರ

ಕಂಪ್ಯೂಟರಿನ ಮುಂದೆ ಕೂತ ಇಂದೂ ಮೂರನೆಯ ‘ಳ’ವನ್ನು ಇನ್ನೂ ತುಸು ಎಡಕ್ಕೆ ವಾಲಿಸಿದಳು. ಅತ್ತೆಯ ‘ಳ’ ಎಡಕ್ಕೇ ವಾಲುತ್ತದೆ, ಆದರೆ ಪ್ರತಿ ಸಲ ಒಂದೇ ಅಳತೆಯಲ್ಲಲ್ಲ. ಮೂರೂ ಒಂದೇ ಥರ ಬಂದರೆ ಅದು ಕೈಬರಹವಲ್ಲ, ಅಚ್ಚು ಎಂದು ತಿಳಿದುಬಿಡುತ್ತದೆ. ಅವಳು ಕೆಲಸ ಮಾಡುವ ಪುಣೆ ಶಿವಾಜಿನಗರದ ಪ್ರೆಸ್ಸಿನಲ್ಲಿ ಊಟದ ಹೊತ್ತು, ಎಲ್ಲರೂ ಕೆಳಗಿಳಿದಿದ್ದರು. ಯಾರಾದರೂ ಹತ್ತಿ ಬಂದರೆ ಮುಚ್ಚಲು ಪರದೆಯಲ್ಲಿ ಅದರ ಹಿಂದೆ ಒಂದು ಮದುವೆ ಕಾರ್ಡು ತೆರೆದಿಟ್ಟಿದ್ದಳು. ಅವಳ ಮಗಳು ಶಿವಾನಿಯದೇ ಕಾರ್ಡು.

ಆ ಮದುವೆಯಲ್ಲಿ ಶಿವಾನಿಯ ಕೊರಳಿಗೆ ಅತ್ತೆ ಪಾರವ್ವನ ಬೋರಮಾಳ, ಆ ಬಂಗಾರದ ಗುಂಡಿನ ಸರ, ಬೇಕಿತ್ತು. ತನ್ನ ಗಂಡ ತೀರಿಕೊಂಡ ಮರುವರ್ಷ ಧಾರವಾಡದಿಂದ ಬಂದ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡವಳು ಇಂದೂ. ಅತ್ತೆಯ ಮಗಳು ಕುಸುಮ ಪಿಂಪ್ರಿಯಿಂದ ತಿಂಗಳಿಗೊಂದು ಭಾನುವಾರ ಬಾಳೆಹಣ್ಣು ಹಿಡಿದು ಬಂದು, ಚಹಾ ಕುಡಿದು, ಲೋಕಲ್ ರೈಲು ಹಿಡಿಯುತ್ತಿದ್ದಳು. ಆದರೂ ಆಸ್ಪತ್ರೆಯಲ್ಲಿ ಅತ್ತೆ ಇಂದೂಳ ಕೈ ಹಿಡಿದು ಹೇಳಿದ್ದು, “ಬೋರಮಾಳ ಕುಸುಮಗ ಕೊಡವ್ವಾ.” ಕೇಳಿಸಿಕೊಂಡವಳು ಇವಳೊಬ್ಬಳೇ. ಅತ್ತೆ ಹೋಗಿ ಆರು ತಿಂಗಳಾದರೂ ಯಾರಿಗೂ ಹೇಳಿರಲಿಲ್ಲ. ಆದರೆ ತಾಯಿಯ ಬಂಗಾರ ಮಗಳಿಗೆ ಎಂಬುದು ಹೇಳದೆಯೂ ಎಲ್ಲರಿಗೂ ಗೊತ್ತಿರುವ ಮಾತು. ಸುಮ್ಮನೆ ಇಟ್ಟುಕೊಳ್ಳುವಂತಿರಲಿಲ್ಲ; ಅತ್ತೆಯೇ ಬರೆದಂಥ ಒಂದು ಕಾಗದ ಬೇಕಿತ್ತು.

ಇದೇ ಅತ್ತೆ ಒಂದು ಕಾಲಕ್ಕೆ ಎಂಥ ಕಾಗದ ಬರೆಯುತ್ತಿದ್ದಳು! ಮದುವೆಯಾದ ಹೊಸತರಲ್ಲಿ, ಮರಾಠಿ ಬಾರದೆ ಬಾಡಿಗೆ ಕೋಣೆಯಲ್ಲಿ ಕೂತಿದ್ದ ಇಂದೂಳ ಕೈಗೆ ಗಂಡ ಇನ್‌ಲ್ಯಾಂಡ್ ಕೊಡುತ್ತಿದ್ದ. “ಅವ್ವ ಬರದಾಳ, ನೋಡು.” ‘ಸಂಜಿಮುಂದ ಒಬ್ಬಾಕೇ ಕುಂತು ಅಳಬ್ಯಾಡ. ನೀ ಹಚ್ಚಿ ಹೋದ ಮಲ್ಲಿಗಿ ಮೊಗ್ಗು ಬಿಟ್ಟದ.’ ಅಂಥ ಹನ್ನೆರಡು ಕಾಗದಗಳನ್ನು ಅವಳು ಇಪ್ಪತ್ತೈದು ವರ್ಷ ಕಪಾಟಿನಲ್ಲಿ ಕಾಪಾಡಿದ್ದಳು. ಈಗ ಸ್ಕ್ಯಾನ್ ಮಾಡಿ ಒಂದೊಂದು ಅಕ್ಷರವನ್ನೂ ಬಿಡಿಸಿ ತೆಗೆದಿದ್ದಳು. ಪುಣೆಗೆ ಬಂದ ಮೇಲೆ ಅತ್ತೆ ಪೆನ್ನು ಮುಟ್ಟಿರಲಿಲ್ಲ. ಏನು ಕೊಟ್ಟರೂ “ಕಣ್ಣು ಕಾಣೂದಿಲ್ಲವ್ವಾ, ನೀನ ಓದು,” ಅನ್ನುತ್ತಿದ್ದಳು. ಬ್ಯಾಂಕಿನಲ್ಲೂ ಹೆಬ್ಬೆಟ್ಟು; ಕೈ ನಡುಗುತ್ತಿತ್ತಲ್ಲ. ಹಾಗಾಗಿ ಕಾಗದ ಹಳೆಯದಾಗಿರಬೇಕು, ಧಾರವಾಡದ್ದಾಗಿರಬೇಕು.

ಅದಕ್ಕೆ ಅತ್ತೆಯ ಟ್ರಂಕಿನಲ್ಲೇ ಸಿಕ್ಕ ಬರೆಯದ ನೋಟುಬುಕ್ಕಿನ ಹಳದಿ ಹಾಳೆ. ಪ್ರಿಂಟರಿನ ಮಸಿ ಸುಳ್ಳು ಹೇಳಲಾರದು; ಆದ್ದರಿಂದ ಪ್ರಿಂಟು ಕೆಳಗೆ, ಹಾಳೆ ಮೇಲೆ, ಬರೆಯಲು ನೀರು ಬೆರೆಸಿದ ನೀಲಿ ಶಾಯಿ. ಪ್ರೆಸ್ಸಿನ ಮೂಲೆಯಲ್ಲಿ ಹಳೆಯ ಗಾಜಿನ ಮೇಜಿತ್ತು, ಕೆಳಗೆ ಟ್ಯೂಬ್‌ಲೈಟು. ಕಂಪ್ಯೂಟರ್ ಬರುವ ಮೊದಲು ಅಕ್ಷರದ ಪಟ್ಟಿಗಳನ್ನು ಕತ್ತರಿಸಿ ಅವಳು ಅಂಟಿಸುತ್ತಿದ್ದುದು ಅದರ ಮೇಲೆಯೇ. ದೀಪ ಹಾಕಿ, ಕಂಡ ಗೆರೆಗಳ ಮೇಲೆ ಪೆನ್ನು ಹರಿಸಿದಳು. ‘ನನ್ನ ಹಿಂದ ಬೋರಮಾಳ ಇಂದೂಗ. ಆಕೀನೂ ನನ್ನ ಮಗಳ. ಕುಸುಮ ಭಾಳ ಮನಸಿಗೆ ಹಚ್ಕೋಬಾರದು.’ ‘ಮಗಳ’ ಎಂಬಲ್ಲಿ ಕೈ ನಿಂತಿತು. ಆಸ್ಪತ್ರೆಯ ಆ ಬಿಸಿ ಅಂಗೈ ನೆನಪಾಯಿತು. ಸೆರಗಿಗೆ ಕೈಯ ಬೆವರು ಒರೆಸಿಕೊಂಡು ಮುಗಿಸಿದಳು.

ಭಾನುವಾರ ಟ್ರಂಕು ತೆರೆದದ್ದು ಕುಸುಮಳೇ. ಅದೂ ಲೆಕ್ಕಾಚಾರದಲ್ಲಿತ್ತು. ಸೀರೆಗಳ ನಡುವೆ ಹಾಳೆ ಸಿಕ್ಕಿತು. ಕುಸುಮ ಎರಡು ಸಲ ಓದಿದಳು.

“ಏನದು?” ಎಂದಳು ಇಂದೂ, ಬೇಕಾದಷ್ಟೇ ಅಚ್ಚರಿಯಿಂದ.

“ಬೋರಮಾಳ ನಿಮಗಂತ, ವೈನಿ.” ಕುಸುಮ ಅತ್ತಿಗೆಯತ್ತ ನೋಡಿ ನಕ್ಕಳು. “ಅಕ್ಷರ ನೋಡ್ರಿ, ಎಷ್ಟ ಚಂದ ಬರದಾಳ ನಮ್ಮವ್ವ!”

“ನಿನಗ ಬ್ಯಾಸರಾತೇನು?”

“ಬಾಳಿಹಣ್ಣು ತರಾಕಿಗೆ ಬೋರಮಾಳ ಯಾಕ ಬೇಕ್ರಿ?”

ಇಂದೂಗೆ ಮುಖ ಬಿಸಿಯಾಯಿತು. ಆದರೂ ಕೊನೆಯ ಹೆಜ್ಜೆ ಬಿಡಲಿಲ್ಲ. “ನಾಳೆ ನಿಮ್ಮನ್ಯಾವ್ರು ಏನರೆ ಅಂದಾರು. ಒಪ್ಪಿಗಿ ಅದ ಅಂತ ಕೆಳಗ ಒಂದ್ ಸಾಲು ಬರದ್ಬಿಡವಾ.”

ಕುಸುಮ ಒಂದು ಗಳಿಗೆ ಅವಳನ್ನೇ ನೋಡಿದಳು. ಟ್ರಂಕಿನ ಮುಚ್ಚಳದ ಮೇಲೆ ಹಾಳೆಯಿಟ್ಟು, ನಿಲ್ಲದೆ ಬರೆದು ಕೊಟ್ಟು, ಚಹಾ ಇಡಲು ಒಳಗೆ ಹೋದಳು.

‘ಬೋರಮಾಳ ವೈನಿಗೇ ಇರಲಿ. ನನಗ ಭಾಳ ಸಂತೋಷ.’ ಮೇಲಿನ ‘ಳ’ಗಳು ಎಡಕ್ಕೆ ವಾಲಿದ್ದವು, ಕೆಳಗಿನವೂ. ಅದೇ ಬಾಗು, ಅದೇ ಬಾಲ. ತಿಂಗಳಿಡೀ ಆ ಗೆರೆಗಳನ್ನೇ ತಿದ್ದಿದ ಕಣ್ಣಿಗೆ ದೀಪದ ಮೇಜು ಬೇಕಾಗಲಿಲ್ಲ. ಫೋನಿನಲ್ಲೇ ಮಾತಾಡುವ ಕುಸುಮಳ ಕೈಬರಹವನ್ನು ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ನೋಡಿರಲಿಲ್ಲ. ಅತ್ತೆಗೆ ಓದು ಬರಹ ಬರುತ್ತಲೇ ಇರಲಿಲ್ಲ. ಅವಳು ಹೇಳಿದ್ದನ್ನು ಕಾಗದಕ್ಕಿಳಿಸುತ್ತಿದ್ದವಳು ಆಗ ಧಾರವಾಡದ ಮನೆಯಲ್ಲಿದ್ದ ಹದಿನಾರರ ಕುಸುಮ. ಮಲ್ಲಿಗೆಯ ಮೊಗ್ಗು ಯಾರ ಮಾತೋ, ಅಳಬೇಡ ಅಂದವರು ಯಾರೋ. “ವೈನಿ, ಸಕ್ಕರಿ ಎಷ್ಟು ಹಾಕ್ಲಿ?” ಒಳಗಿನಿಂದ ಕೇಳಿತು. “ನಿನಗೆಷ್ಟೋ ಅಷ್ಟ ಹಾಕವಾ,” ಎಂದಳು ಇಂದೂ. ಕಪಾಟು ತೆರೆದು, ಬೋರಮಾಳದ ಡಬ್ಬಿಯನ್ನು ಕುಸುಮ ಬಾಳೆಹಣ್ಣು ತಂದಿದ್ದ ಖಾಲಿ ಚೀಲದ ತಳಕ್ಕಿಟ್ಟು, ಮೇಲೆ ಹಳೆಯ ಪೇಪರು ಮಡಚಿ ಹಾಕಿ, ಚಹಾಕ್ಕೆ ಹೋಗಿ ಕೂತಳು.